ಎಲೆಗುಡ್ಲಿನ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಅಕ್ಕ ಸಾಯಲಿಲ್ಲ. ಹೀಗೆ ಶುರು ಮಾಡದಿದ್ದರೆ ಇದನ್ನು ಕೊನೆಯವರೆಗೆ ಬರೆಯಲು ನನ್ನಿಂದ ಆಗುವುದಿಲ್ಲ. ಹಿಂದೆ ಎರಡು ಸಲ ಬರೆಯಲು ಕೂತಿದ್ದೆ. ಎರಡು ಸಲವೂ ಬಾಗಿಲಿನ ತನಕ ಬಂದು ಎದ್ದುಹೋದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅವರು ಮಂಡ್ಯದ ಕಡೆಯವರು, ನಾನು ಮೈಸೂರಿನ ಮುಸ್ಲಿಂ ಮನೆಯವಳು. ನಮ್ಮ ಮನೆಮಾತು ಉರ್ದು. ಕನ್ನಡ ನನಗೆ ಶಾಲೆಯದು, ಬೀದಿಯದು, ಗೆಳತಿಯರದು. ಮದುವೆಯಾಗಿ ಕಡಲಾಚೆಯ ಸ್ಯಾನ್ ರಮೋನಿಗೆ ಬಂದ ಮೇಲೆ ತಿಂಗಳುಗಟ್ಟಲೆ ಕನ್ನಡ ಕಿವಿಗೆ ಬಿದ್ದಿರಲಿಲ್ಲ. ಒಂದು ದಿನ ಇಂಡಿಯನ್ ಗ್ರೋಸರಿಯ ತರಕಾರಿ ಸಾಲಿನಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರು, ಫ್ರಿಜ್ಜಿನಲ್ಲಿದ್ದು ಕಪ್ಪಿಟ್ಟ ವೀಳ್ಯದೆಲೆಯನ್ನು ಎತ್ತಿ ಹಿಡಿದು, ಯಾರಿಗೂ ಅಲ್ಲದೆ, "ಇದ್ಕೂ ಜರ ಬಂದಂಗದೆ" ಎಂದರು. ನಾನು ನಕ್ಕುಬಿಟ್ಟೆ. ಅವರು ತಿರುಗಿ ನೋಡಿ, ನಗುವುದಾದರೆ ಮನೆಗೆ ಬಂದು ನಗು, ಒಳ್ಳೆ ಎಲೆ ತೋರಿಸುತ್ತೇನೆ ಎಂದು ಕರೆದರು.

ಮನೆ ಎಂದದ್ದು ಒಂದು ಸಣ್ಣ ಹೊಲ. ಊರು ಮುಗಿದು, ಒಣಹುಲ್ಲಿನ ಗುಡ್ಡಗಳನ್ನು ದಾಟಿ ಪೂರ್ವಕ್ಕೆ ಹೋದರೆ ಸಿಗುವ ಕಣಿವೆಯ ತಳದಲ್ಲಿ ಮೂರು ಎಕರೆ, ಒಂದು ಹಳೇ ಮರದ ಮನೆ, ಹಿಂದೆ ಯಾರೋ ಹೂ ಬೆಳೆಯುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ. ಅವರ ಯಜಮಾನರು ಇಂಜಿನಿಯರು. ಬೆಳಿಗ್ಗೆ ಫ್ರೀವೇ ಹಿಡಿದರೆ ಕತ್ತಲಾದ ಮೇಲೆ ಬರುವವರು. ಮಗಳು ದೂರದ ಊರಿನ ಕಾಲೇಜಿನಲ್ಲಿದ್ದಳು. ಬಯಲಿನಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಕುಂಬಳ. ಹಸಿರುಮನೆಯಲ್ಲಿ ವೀಳ್ಯದೆಲೆ ಮಾತ್ರ. ಯಾರದೋ ಮನೆಯ ಕುಂಡದಿಂದ ಬೇಡಿ ತಂದ ಒಂದು ಗೆಣ್ಣನ್ನು ಅಕ್ಕ ಆರು ವರ್ಷದಲ್ಲಿ ನಲವತ್ತು ಬಳ್ಳಿ ಮಾಡಿದ್ದರು. ಅದಕ್ಕೆ ಅವರ ಬಾಯಲ್ಲಿ ಎಲೆಗುಡ್ಲು ಎಂದೇ ಹೆಸರು.

ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸು. ಇಲ್ಲಿ ಅಪಾರ್ಟ್‌ಮೆಂಟಿನ ಕಿಟಕಿ ಒರೆಸುವುದು. ಹೊಸ ಶತಮಾನ ಬರುವ ರಾತ್ರಿ ಜಗತ್ತಿನ ಕಂಪ್ಯೂಟರುಗಳೆಲ್ಲ ತಾರೀಖು ಮರೆತು ಕೆಟ್ಟುಹೋಗುತ್ತವೆ ಎಂದು ಜನ ಹೆದರಿದ್ದ ಕಾಲ ಅದು. ನನ್ನ ಗಂಡ ಸ್ಯಾನ್ ಮಟಿಯೋದ ಆಫೀಸಿನಲ್ಲಿ ಅದನ್ನೇ ರಿಪೇರಿ ಮಾಡುತ್ತಿದ್ದರು. ಆ ಶರತ್ಕಾಲವಿಡೀ ಎಲ್ಲರೂ ಒಂದು ಅಪಾಯಕ್ಕೆ ಕಾಯುತ್ತಿದ್ದರು, ಅದು ಬರಲೇ ಇಲ್ಲ. ನಾನು ವಾರದಲ್ಲಿ ನಾಲ್ಕು ದಿನ ಹೊಲಕ್ಕೆ ಹೋಗುತ್ತಿದ್ದೆ. ಎಲೆ ಕೊಯ್ಯುವುದನ್ನು ಅಕ್ಕ ಕಲಿಸಿದರು. ಹೆಬ್ಬೆರಳಿಗೆ ತಗಡಿನ ಉಗುರು ತೊಟ್ಟು, ತೊಟ್ಟಿನ ಬುಡದಲ್ಲಿ ಒಂದೇ ಒತ್ತು. ನೂರಕ್ಕೊಂದು ಕಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ನನ್ನ ಡಿಗ್ರಿಯ ವಿಷಯ ಗೊತ್ತಾದ ದಿನದಿಂದ ಅವರು ನನ್ನನ್ನು ಕರೆಯುತ್ತಿದ್ದದ್ದು "ಫಸ್ಟ್ ಕ್ಲಾಸು" ಎಂದು.

ಒಂದು ಕಟ್ಟಳೆ ಇತ್ತು. ದೀಪ ಹಚ್ಚಿದ ಮೇಲೆ ಎಲೆ ಮುಟ್ಟುವಂತಿಲ್ಲ, ಬಳ್ಳಿ ಮಲಗಿರುತ್ತದೆ. ನಮ್ಮ ಅಜ್ಜಿಯೂ ಮುಸ್ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಗೋರಂಟಿ ಕೀಳಲು ಬಿಡುತ್ತಿರಲಿಲ್ಲ. ಹಾಗಾಗಿ ನನಗೆ ಅದು ವಿಚಿತ್ರ ಅನಿಸಲಿಲ್ಲ. ಆ ಕಟ್ಟಳೆ ಇರದಿದ್ದರೆ ನಾವು ಆ ಗುರುವಾರ ಸಂಜೆಯೇ ಎಲೆ ಕೊಯ್ದು ಮುಗಿಸಿಬಿಡುತ್ತಿದ್ದೆವು. ನಾನು ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಇದನ್ನು ಎಷ್ಟು ಸಲ ಹಿಂದುಮುಂದು ಮಾಡಿ ನೋಡಿದ್ದೇನೋ. ಒಂದು ಸಲ ಆ ಕಟ್ಟಳೆ ಅಕ್ಕನನ್ನು ಕೊಲ್ಲಹೊರಟಂತೆ ಕಾಣುತ್ತದೆ, ಮರುಕ್ಷಣ ಉಳಿಸಿದಂತೆ.

ಗುರುವಾರ ಮಧ್ಯಾಹ್ನ ರೇಡಿಯೋದವರು ಹೇಳಿದರು, ಒಳಕಣಿವೆಗಳಲ್ಲಿ ಇಂದು ರಾತ್ರಿ ವರ್ಷದ ಮೊದಲ ಫ್ರಾಸ್ಟು. ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟಿ ಎಲೆಯೊಳಗಿನ ನೀರೂ ಕಲ್ಲಾಗಿ ಎಲೆಯನ್ನೇ ಒಡೆಯುವ ಚಳಿ. ಎಲೆಗುಡ್ಲಿನ ಗ್ಯಾಸ್ ಹೀಟರು ಕೆಟ್ಟು ಎರಡು ವಾರವಾಗಿತ್ತು. ರಿಪೇರಿಯವನು ಸೋಮವಾರ ಬರುವವನು. ಶನಿವಾರ ವಾಲ್ನಟ್ ಕ್ರೀಕಿನಲ್ಲಿ ಯಾರದೋ ಮಗಳ ನಿಶ್ಚಿತಾರ್ಥ. ಎಲೆ ಅಕ್ಕನದೇ ಎಂದು ಮಾತಾಗಿತ್ತು. ಯಜಮಾನರು ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಬಯಲಿನ ಕುಂಬಳ, ಟೊಮ್ಯಾಟೊ ಹೋದರೆ ಹೋಗಲಿ ಎಂದು ಬಿಟ್ಟೆವು. ಬಳ್ಳಿಗಳನ್ನು ಉಳಿಸಿಕೊಳ್ಳಬೇಕಿತ್ತು.

ಬೇಸಿಗೆಯ ಬಾರ್ಬೆಕ್ಯೂಗೆ ತಂದ ಇದ್ದಿಲಿನ ಎರಡು ಚೀಲ ಮಿಕ್ಕಿದ್ದವು. ಅಕ್ಕನಿಗೆ ಹೊಳೆದದ್ದು ಕೆಂಡ. "ಬಾಣಂತಿ ಕ್ವಾಣೆ ನೋಡಿದ್ದೀಯಾ?" ಎಂದು ಕೇಳಿದರು. ಊರಿನಲ್ಲಿ ಅವರಿಗೆ ಹೆರಿಗೆಯಾದಾಗ ಅವರ ಅವ್ವ ಮಂಚದ ಕೆಳಗೆ ತಿಂಗಳಿಡೀ ಕೆಂಡದ ಬಾಣಲಿ ಇಟ್ಟಿದ್ದರಂತೆ, ಗಾಳಿ ನುಗ್ಗದಂತೆ ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದರಂತೆ. "ನಾನೂ ಸಾಯ್ನಿಲ್ಲ, ಮಗೀನೂ ಸಾಯ್ನಿಲ್ಲ."

ನನಗೂ ಗೊತ್ತಿತ್ತು ಆ ಕೋಣೆ. ನಮ್ಮಲ್ಲೂ ಅದೇ ನಲವತ್ತು ದಿನ, ಅದೇ ಕೆಂಡ. ಅವರದು ಸಾಂಬ್ರಾಣಿ, ನಮ್ಮದು ಲೋಬಾನ. ಅಂದು ಗುರುವಾರ ಬೇರೆ. ಮೈಸೂರಿನ ಮನೆಯಲ್ಲಾದರೆ ಅಷ್ಟೊತ್ತಿಗೆ ನನ್ನ ತಾಯಿ ಕೆಂಡದ ಮೇಲೆ ಲೋಬಾನ ಹಾಕಿ ಕೋಣೆ ಕೋಣೆಗೂ ಹಿಡಿಯುತ್ತಿರುತ್ತಿದ್ದರು. ಇದ್ದಿಲಿನ ಚೀಲದ ಮೇಲೆ ಮನೆಯ ಚಿತ್ರ ಬರೆದು ಅಡ್ಡಗೆರೆ ಹಾಕಿದ್ದನ್ನು ನಾನು ಕಂಡೆ. ಬೆಂಕಿ ಹತ್ತಿಕೊಂಡೀತು ಎಂಬ ಎಚ್ಚರಿಕೆ ಇರಬೇಕು ಎಂದುಕೊಂಡು ಎರಡು ಬಕೆಟ್ ನೀರು ತುಂಬಿ ಒಳಗಿಟ್ಟೆ. ಅಷ್ಟು ಜಾಗ್ರತೆ ನನ್ನದು.

ಆಮೇಲೆ ಟೇಪು. ಬೆಳ್ಳಿ ಬಣ್ಣದ ಅಗಲದ ಟೇಪು. ಗುಡ್ಲಿನ ಪ್ಲಾಸ್ಟಿಕ್ಕಿನಲ್ಲಿ ವರ್ಷಗಳ ತೂತು, ಬಿರುಕು, ಕಂಬದ ಹತ್ತಿರದ ಸಂದು. ಏಣಿ ಹತ್ತಿ ಒಂದೊಂದನ್ನೂ ಹುಡುಕಿ ಮುಚ್ಚಿದವಳು ನಾನು. ಹೊರಗಿನ ಬೆಳಕು ಒಳಗೆ ಚುಕ್ಕಿಯಾಗಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಟೇಪು. ಚುಕ್ಕಿಗಳು ಒಂದೊಂದಾಗಿ ಆರಿಹೋದವು. ಅಕ್ಕ ಕೆಳಗೆ ನಿಂತು ಏಣಿ ಹಿಡಿದಿದ್ದರು. ನಾನು ಇಳಿದಾಗ ಕೇಳಿದರು:

"ನೀನು ಓದ್ದೋಳು, ಹೇಳು. ಏನೂ ಆಗಾಕಿಲ್ವಾ?"

"ಹೊಗೆ ಪೂರ್ತಿ ಹೋಗ್ಲಿ ಅಕ್ಕ. ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೆ ಒಳಗೆ ತಗೊಳ್ಳಿ. ಆಮೇಲೆ ಏನೂ ಆಗಲ್ಲ."

"ಫಸ್ಟ್ ಕ್ಲಾಸೇ ಹೇಳ್ತಲ್ಲ. ಸರಿ ಬುಡು."

ಚಳಿ ಎಲ್ಲಕ್ಕಿಂತ ಹೆಚ್ಚುವುದು ಬೆಳಗಿನ ಜಾವ. ಆಗ ಎದ್ದು ಹೊರಗಿನ ಕಲ್ಲಿನ ಒಲೆಯಲ್ಲಿ ಇದ್ದಿಲು ಹೊತ್ತಿಸಿ, ಕೆಂಡವಾದ ಮೇಲೆ ಎರಡು ಬಾಣಲಿಯಲ್ಲಿ ಒಳಗೊಯ್ಯುವುದೆಂದೂ, ಬೆಳಕು ಮೂಡುವಾಗ ನಾನು ಬಂದು ಎಲೆಗೆ ಕೈ ಹಾಕುವುದೆಂದೂ ನಿಶ್ಚಯವಾಯಿತು. ನಾನು ಮನೆಗೆ ಹೋಗಿ ಚೆನ್ನಾಗಿಯೇ ನಿದ್ದೆ ಮಾಡಿದೆ. ಅದೂ ನೆನಪಿದೆ.

ಬೆಳಿಗ್ಗೆ ಕಾರಿನ ಗಾಜು ಬೆಳ್ಳಗೆ ಕಲ್ಲಾಗಿತ್ತು. ಬಿಸಿನೀರು ಹಾಕಿದರೆ ಗಾಜು ಸೀಳುತ್ತದೆ ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿದರು. ಕ್ಯಾಸೆಟ್ಟಿನ ಡಬ್ಬಿಯಿಂದ ಕೆರೆದೆ. ನಿಧಾನವಾಗಿ, ಒಂದು ರೀತಿಯ ಸಂತೋಷದಿಂದ ಕೆರೆದೆ. ಬದುಕಿನಲ್ಲಿ ನಾನು ಮುಟ್ಟಿದ ಮೊದಲ ಹಿಮ ಅದು. ಹತ್ತು ನಿಮಿಷವಾದರೂ ಆಗಿರಬೇಕು. ಆ ಹತ್ತು ನಿಮಿಷ ಇವತ್ತಿಗೂ ನನ್ನ ಕನಸಿಗೆ ಬರುತ್ತದೆ. ಕೆರೆಯುತ್ತಲೇ ಇರುತ್ತೇನೆ, ಗಾಜಿನ ಆಚೆ ಇನ್ನೊಂದು ಗಾಜು.

ಕಣಿವೆಗೆ ಇಳಿದಾಗ ಆಕಾಶ ಬೂದು. ಹೊಲ ಸುಣ್ಣ ಬಳಿದಂತಿತ್ತು. ಕುಂಬಳದ ಬಳ್ಳಿ ನೆಲಕ್ಕೆ ಅಂಟಿಕೊಂಡಿತ್ತು, ಟೊಮ್ಯಾಟೊ ಗಿಡಗಳು ತಲೆ ಕೆಳಗೆ ಹಾಕಿದ್ದವು. ಕಾಲಿಟ್ಟರೆ ಹುಲ್ಲು ಹಪ್ಪಳದಂತೆ ಮುರಿಯುತ್ತಿತ್ತು. ನನ್ನ ಹೆಜ್ಜೆಯದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯ ಅಡುಗೆಕೋಣೆಯ ದೀಪ ಉರಿಯುತ್ತಿತ್ತು, ಹಿಂಬಾಗಿಲು ಅರೆ ತೆರೆದಿತ್ತು. ಕಲ್ಲಿನ ಒಲೆ ಇನ್ನೂ ಬೆಚ್ಚಗಿತ್ತು. ಒಲೆಯಿಂದ ಗುಡ್ಲಿನವರೆಗೆ ಬಿಳಿ ಹುಲ್ಲಿನಲ್ಲಿ ಅಕ್ಕನ ಹೆಜ್ಜೆ ಕಪ್ಪಗೆ ಕಾಣುತ್ತಿತ್ತು. ಹೋಗಿದ್ದಾರೆ, ಬಂದಿದ್ದಾರೆ, ಮತ್ತೆ ಹೋಗಿದ್ದಾರೆ. ಎರಡನೇ ಸಲ ವಾಪಸು ಬಂದ ಹೆಜ್ಜೆಯಿಲ್ಲ. ಅದನ್ನು ನೋಡಿ ನನಗೆ ಅನಿಸಿದ್ದು, ಪಾಪ, ಒಬ್ಬರೇ ಎರಡು ಬಾಣಲಿ ಹೊತ್ತಿದ್ದಾರೆ ಎಂದಷ್ಟೇ.

ಗುಡ್ಲಿನ ಪ್ಲಾಸ್ಟಿಕ್ಕಿನ ಹಿಂದೆ ಮಂದವಾದ ಕೆಂಪು. ಹೊರಗಿನಿಂದ ನೋಡಿದರೆ ಒಳಗೇನೋ ಉಸಿರಾಡುತ್ತಿರುವಂತೆ ಆ ಕೆಂಪು ಹೆಚ್ಚುತ್ತಿತ್ತು, ಕಡಿಮೆಯಾಗುತ್ತಿತ್ತು. ಮರದ ಚೌಕಟ್ಟಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಬೆಚ್ಚಗೆ, ತೇವ. ಹೊಗೆಯೇ ಇಲ್ಲ. ನಲವತ್ತು ಬಳ್ಳಿಯೂ ಹಸಿರಾಗಿ, ಎಲೆ ಎಲೆಗೂ ನೀರ ಹನಿ ತೊಟ್ಟು, ನಾನು ಎಂದೂ ಕಾಣದಷ್ಟು ಚೆಂದವಾಗಿ ನಿಂತಿದ್ದವು. ನೀರಿನ ಡ್ರಮ್ಮಿನ ಕೆಳಗೊಂದು ಪುಟ್ಟ ಕಪ್ಪೆ ವಾಸವಾಗಿತ್ತು, ಯಾರು ಒಳಗೆ ಬಂದರೂ ಎರಡು ಸಲ ಕೂಗುತ್ತಿತ್ತು. ಅಂದು ಕೂಗಲಿಲ್ಲ.

ಅಕ್ಕ ತಲೆಕೆಳಗಾದ ಕ್ರೇಟಿನ ಮೇಲೆ, ಯಜಮಾನರ ಹಳೇ ಜಾಕೆಟ್ಟು ಹೊದ್ದು, ಕಂಬಕ್ಕೆ ಕೆನ್ನೆ ಆನಿಸಿ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು. ಮುಖದಲ್ಲಿ ನಗುವಿತ್ತು.

"ಬಾಗ್ಲು ಹಾಕ್ಕಳವ್ವ," ಎಂದರು. "ಚಳಿ ಬತ್ತದೆ."

ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಅಲ್ಲಿ ಬಿದ್ದಿದ್ದ ಗೋಣಿಚೀಲವನ್ನು ಕಾಲಿನಿಂದ ಬಾಗಿಲ ಬುಡಕ್ಕೆ ಒತ್ತಿದೆ.

ಮಂಡ್ಯದ ಕಡೆ ಚಿಕ್ಕವರನ್ನೂ ಅವ್ವ ಎಂದು ಕರೆಯುವುದುಂಟು. ಆದರೆ ಅಕ್ಕ ನನ್ನನ್ನು ಯಾವತ್ತೂ ಹಾಗೆ ಕರೆದಿರಲಿಲ್ಲ. ನಿದ್ದೆಗಣ್ಣು ಅಂದುಕೊಂಡೆ. ನೀವು ಮಲಗಿ, ನಾನು ಕೊಯ್ಯುತ್ತೇನೆ ಎಂದು ತಗಡಿನ ಉಗುರು ತೊಟ್ಟುಕೊಂಡೆ. ಬೇಗ ಬೇಗ ಕೊಯ್ದೆ. ಐವತ್ತೋ ಅರವತ್ತೋ ಆದ ಮೇಲೆ ಲೆಕ್ಕ ತಪ್ಪಿತು. ಮೊದಲಿಂದ ಎಣಿಸಿದೆ. ಮತ್ತೆ ಅಲ್ಲೇ ತಪ್ಪಿತು. ಹಣೆಯ ಮೇಲೆ ಯಾರೋ ಬಟ್ಟೆ ಬಿಗಿದಂತೆ ನೋವು. ರಾತ್ರಿ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಎಂದುಕೊಂಡೆ. ಹಿಂದಿನಿಂದ ಅಕ್ಕ ಯಾರ ಜೊತೆಗೋ ಮಾತಾಡುತ್ತಿದ್ದರು. ಕಾಲು ಬೆಚ್ಚಗಾಯಿತು ಎಂದು, ಮಗು ಮಲಗಿತು ಎಂದು, ಇನ್ನೊಂದು ಸ್ವಲ್ಪ ಕೆಂಡ ಹಾಕು ಎಂದು. ಮಾತಿನ ನಡುವೆ ಬಿಡುವು ಕೊಡುತ್ತಿದ್ದರು, ಉತ್ತರ ಕೇಳಿಸಿಕೊಳ್ಳುವವರ ಹಾಗೆ. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎಲ್ಲವೂ ಸರಿಯಾಗಿದೆ, ಕೂತುಬಿಡಬೇಕು ಅನಿಸಿತು.

ಕೂರಲು ಬಗ್ಗಿದಾಗ ಬಾಣಲಿ ಕಣ್ಣ ಮಟ್ಟಕ್ಕೆ ಬಂತು. ಅಕ್ಕ ಆಗತಾನೆ ಮೇಲೆ ಹೊಸ ಇದ್ದಿಲು ಸುರಿದಿರಬೇಕು. ಅದರ ಸಂದಿಯಿಂದ ನೀಲಿ ಜ್ವಾಲೆ ಎದ್ದು, ತೊಳಲಾಡಿ, ಅಡಗುತ್ತಿತ್ತು. ಹೊಗೆಯಿಲ್ಲದ, ತೆಳ್ಳನೆಯ ನೀಲಿ.

ಮೈಸೂರಿನ ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರು ಒಮ್ಮೆ ಕಿಟಕಿಗಳನ್ನೆಲ್ಲ ತೆರೆಸಿ ಇದ್ದಿಲಿನ ಒಲೆ ಹೊತ್ತಿಸಿದ್ದರು. ಈ ನೀಲಿ ನೋಡಿಕೊಳ್ಳಿ, ಇದು ಉರಿಯುತ್ತಿರುವುದರಿಂದ ನಿಮಗೆ ಕಾಣುತ್ತಿದೆ. ಉರಿಯದೆ ತಪ್ಪಿಸಿಕೊಂಡ ಅನಿಲ ಕಾಣುವುದಿಲ್ಲ, ವಾಸನೆ ಇಲ್ಲ, ಕೊಲ್ಲುವುದು ಅದೇ ಎಂದಿದ್ದರು. ಪರೀಕ್ಷೆಯಲ್ಲಿ ಬಂದಿತ್ತು. ಪೂರ್ತಿ ಅಂಕ ತೆಗೆದಿದ್ದೆ.

ಎದ್ದೆ ಎಂದುಕೊಂಡೆ, ಎದ್ದಿರಲಿಲ್ಲ. ಬಾಗಿಲು ಯಾವ ಕಡೆ ಎಂದು ತಿಳಿಯಲಿಲ್ಲ. ನಾಲ್ಕೂ ಕಡೆ ಒಂದೇ ಬಿಳುಪು, ಒಂದೇ ಟೇಪು. ಹತ್ತಿರದ ಪ್ಲಾಸ್ಟಿಕ್ಕಿಗೆ ಕೈ ಹಾಕಿದೆ. ಹೆಬ್ಬೆರಳಿನಲ್ಲಿ ತಗಡಿನ ಉಗುರು ಇತ್ತು. ಎಲೆಗೆ ಒತ್ತುವಂತೆ ಒತ್ತಿ ಕೆಳಗೆಳೆದೆ. ಉದ್ದಕ್ಕೂ ಸೀಳಿತು. ಚಳಿ ನೀರಿನಂತೆ ಮುಖಕ್ಕೆ ಬಿತ್ತು.

ಅಕ್ಕನ ಕಂಕುಳಿಗೆ ಕೈ ಕೊಟ್ಟು ಎಳೆದಾಗ ಅವರಿಗೆ ಎಚ್ಚರವಾಯಿತು, ಅಥವಾ ಅರೆ ಎಚ್ಚರ. ಸೀಳನ್ನು ನೋಡಿದರು. ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲ ಅವರಲ್ಲಿ ಎಲ್ಲಿತ್ತೋ.

"ಮುಚ್ಚು. ನನ್ನ ಬಳ್ಳಿ ಸಾಯ್ತವೆ, ಮುಚ್ಚು."

"ನೀವು ಸಾಯ್ತೀರಿ ಅಕ್ಕ."

"ಮುಚ್ಚಮ್ಮಿ."

ಇನ್ನೊಂದು ಕೈಯಿಂದ ಕಂಬ ಹಿಡಿದುಕೊಂಡರು. ಒಂದೊಂದೇ ಬೆರಳು ಬಿಡಿಸಿದೆ. ಹೇಗೆ ಹೊರಗೆ ತಂದೆನೋ ಸರಿಯಾಗಿ ನೆನಪಿಲ್ಲ. ಹುಲ್ಲಿನ ಮೇಲೆ ಅವರನ್ನು ಮಲಗಿಸಿ ನಾನು ಪಕ್ಕದಲ್ಲಿ ವಾಂತಿ ಮಾಡಿಕೊಂಡದ್ದು ನೆನಪಿದೆ. ತೆವಳುತ್ತಾ, ಆಮೇಲೆ ನಡೆಯುತ್ತಾ ಅಡುಗೆಕೋಣೆಗೆ ಹೋಗಿ ಫೋನು ಮಾಡಿದೆ. ವಾಪಸು ಬಂದಾಗ ಅಕ್ಕನ ಕಣ್ಣು ಮುಚ್ಚಿತ್ತು, ಉಸಿರು ಇತ್ತು. ಆಂಬುಲೆನ್ಸಿನ ಸದ್ದು ಕಣಿವೆಗೆ ಇಳಿಯುವವರೆಗೆ ಆ ಉಸಿರನ್ನು ಎಣಿಸಿದೆ. ಈ ಸಲ ಲೆಕ್ಕ ತಪ್ಪಲಿಲ್ಲ.

ಅವರಿಗೆ ಆಮ್ಲಜನಕದ ಮುಖವಾಡ ಹಾಕಿ ಒಯ್ದರು. ನನಗೂ ಒಂದು ಹಾಕಿ ಮೆಟ್ಟಿಲ ಮೇಲೆ ಕೂರಿಸಿದರು. ಅಗ್ನಿಶಾಮಕದವನೊಬ್ಬ ಸೊಂಟದಲ್ಲಿದ್ದ, ವಿಷಗಾಳಿ ಪತ್ತೆಹಚ್ಚುವ ಪುಟ್ಟ ಪೆಟ್ಟಿಗೆಯನ್ನು ಸೀಳಿನೊಳಗೆ ಹಿಡಿದ. ಅದು ಕಿರುಚಿತು. ಅಷ್ಟು ಹೊತ್ತು ತೆರೆದಿದ್ದರೂ ಕಿರುಚಿತು. ಅವನು ಗುಡ್ಲಿನ ಸುತ್ತ ಒಂದು ಸುತ್ತು ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳಿದ, ಈ ಟೇಪು ಹಚ್ಚಿದವರು ಯಾರು, ಒಂದು ಸೂಜಿಯಷ್ಟೂ ಸಂದು ಬಿಟ್ಟಿಲ್ಲವಲ್ಲ. ನನ್ನ ಬಾಯಿಯ ಮೇಲೆ ಮುಖವಾಡ ಇತ್ತು. ಉತ್ತರ ಹೇಳದಿರಲು ಅದೊಂದು ನೆಪ ಸಾಕಾಯಿತು.

ಅವನು ಆಚೆ ಹೋದ ಮೇಲೆ ಹುಲ್ಲಿನತ್ತ ನೋಡಿದೆ. ಸುತ್ತಲೂ ಬಿಳಿ. ಅಕ್ಕ ಮಲಗಿದ್ದಲ್ಲಿ ಮಾತ್ರ ಮೈಯ ಬಿಸಿಗೆ ಇಬ್ಬನಿ ಕರಗಿ, ತಲೆ, ಭುಜ, ಚಾಚಿದ ಒಂದು ತೋಳು, ಹಸಿರಾಗಿ ಉಳಿದಿತ್ತು. ಬಿಸಿಲು ಗುಡ್ಡ ಹತ್ತಿ ಬರುವವರೆಗೆ ಆ ಹಸಿರು ಹೆಂಗಸು ಹೊಲದಲ್ಲಿ ಮಲಗಿಯೇ ಇದ್ದಳು. ಬಿಸಿಲು ಬಿದ್ದು ಬಿಳುಪೆಲ್ಲ ಕರಗಿ ಹೊಲ ಒಂದೇ ಬಣ್ಣವಾದಾಗ, ಅವಳು ಎದ್ದುಹೋದಳೋ ಅಥವಾ ಹೊಲವೆಲ್ಲ ಅವಳೇ ಆದಳೋ ಎನ್ನುವಂತಾಯಿತು. ಬಳ್ಳಿಗಳು ಮಧ್ಯಾಹ್ನದ ಹೊತ್ತಿಗೆ ಬೇಯಿಸಿದ ಸೊಪ್ಪಿನಂತೆ ಕಪ್ಪಗೆ ಜೋತುಬಿದ್ದವು. ನಲವತ್ತೂ.

ಹೆಂಚಿನ ಮನೆ ಉಸಿರಾಡುತ್ತದೆ. ಅಕ್ಕನ ಬಾಣಂತಿ ಕೋಣೆ, ನನ್ನ ತಾಯಿಯ ಲೋಬಾನದ ಕೋಣೆ, ಎರಡರ ತಲೆಯ ಮೇಲೂ ಹೆಂಚಿನ ಸಾವಿರ ಸಂದುಗಳಿದ್ದವು. ಕಿಟಕಿಗೆ ಎಷ್ಟು ಬಟ್ಟೆ ತುರುಕಿದರೂ ಅವು ನಮ್ಮನ್ನು ಕಾಯುತ್ತಿದ್ದವು. ಇದು ನನಗೆ ಹೊಳೆದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಎರಡನೇ ದಿನ.

ಮೂರನೇ ದಿನ ಅಕ್ಕ ಮಾತಾಡಿದರು. ಯಜಮಾನರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಬಳ್ಳಿ ಹೋದವಾ ಎಂದು ಅಕ್ಕ ಕೇಳಿದರು. ಹೋದವು ಎಂದೆ. ಗೆಣ್ಣು ಎಲ್ಲಾದರೂ ಸಿಗುತ್ತದೆ ಬಿಡು ಎಂದರು. ಟೇಪಿನ ವಿಷಯ, ನಾನು ಹೇಳಿದ ಮಾತಿನ ವಿಷಯ ನಾನೇ ಎತ್ತಿದೆ. ಅವರು ತಲೆ ಅಲ್ಲಾಡಿಸಿದರು. ಕೆಂಡದ ಬುದ್ಧಿ ತನ್ನದು, ತಪ್ಪು ಇಬ್ಬರದೂ ಎಂದರು. ಅಷ್ಟರಲ್ಲಿ ಬಾಗಿಲಿನ ವಿಷಯವನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅವರೇ ಮುಂಚೆ ಮಾತಾಡಿದರು.

"ಒಂದು ಮಾತು ಯಾರ್ಗೂ ಹೇಳ್ನಿಲ್ಲ ಕಣಮ್ಮಿ. ಅವತ್ತು ನಮ್ಮವ್ವ ಬಂದಿದ್ಲು."

ಅವರ ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ಬಾಗ್ಲು ತಕ್ಕೊಂಡು ಬಂದ್ಲು. ಹಾಕ್ಕಳವ್ವ ಅಂದೆ, ಹಾಕಿದ್ಲು. ಕಾಲಲ್ಲಿ ಗೋಣಿಚೀಲಾನೂ ಒತ್ತಿದ್ಲು, ಥೇಟು ನಮ್ಮ ಕ್ವಾಣೇಲಿ ಒತ್ತೋ ಹಂಗೇ. ನನ್ನ ಕಾಯ್ಕೊಂಡು ಅಲ್ಲೇ ನಿಂತಿದ್ಲು. ಆಮೇಲೆ ನೀನು ಬಂದೆ, ಪ್ಲಾಸ್ಟಿಕ್ ಹರ್ಕೊಂಡು."

ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ್ದು. ತೆರೆದ ಬಾಯಿ ಮುಚ್ಚಿದೆ.

ಈಗ ವರ್ಷಗಳಾಗಿವೆ. ಹೊಸ ಗೆಣ್ಣು ಸಿಕ್ಕಿತು, ಹೊಸ ಹೀಟರು ಬಂತು, ಗುಡ್ಲಿನ ಗೋಡೆಯಲ್ಲಿ ಕಿರುಚುವ ಪೆಟ್ಟಿಗೆಯೊಂದು ತೂಗುತ್ತದೆ. ಹೊಲಕ್ಕೆ ಬಂದವರಿಗೆಲ್ಲ ಅಕ್ಕ ನನ್ನನ್ನು ತೋರಿಸಿ, ನನ್ನ ಬಳ್ಳಿ ಕೊಂದವಳು ಇವಳೇ ಎಂದು ನಗಿಸುತ್ತಾರೆ. ಪ್ರತಿ ವರ್ಷ ಮೊದಲ ಫ್ರಾಸ್ಟು ಬಿದ್ದ ಬೆಳಿಗ್ಗೆ ನನಗೆ ಫೋನು ಬರುತ್ತದೆ. ನಾನು ಗಾಜು ಕೆರೆದುಕೊಂಡು ಹೋಗುತ್ತೇನೆ. ಬಯಲಿನಲ್ಲಿ, ನಾಲ್ಕೂ ಕಡೆಯ ಗಾಳಿ ಆಡುವಲ್ಲಿ, ಅಕ್ಕ ಎರಡು ಎಲೆ, ಒಂದು ಅಡಿಕೆ, ಒಂದು ಲೋಟ ಕಾಫಿ ಇಟ್ಟು, ಬಂದು ಕಾದ ಅವ್ವನಿಗೆ ಸಾಂಬ್ರಾಣಿ ಹಾಕುತ್ತಾರೆ. ಕೆಂಡ ಊದಿಕೊಡುವುದು ನಾನು.

ಕಳೆದ ಸಲ ಸಾಂಬ್ರಾಣಿಯ ಡಬ್ಬಿಯನ್ನು ನನ್ನತ್ತ ಚಾಚಿದರು. "ನೀನೂ ಒಂದು ಚಿಟಿಕೆ ಹಾಕು ಫಸ್ಟ್ ಕ್ಲಾಸು. ನಿಂಗೂ ಅವ್ವನೇ."

ಹಾಕಿದೆ. ಹೊಗೆ ಎದ್ದು ಗುಡ್ಲಿನ ಬಾಗಿಲಿನತ್ತ ಹೋಯಿತು. ಬಾಗಿಲು ಹಾಕಿತ್ತು. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ನಾನು ಗಾಳಿ ಬರುವ ಕಡೆಗೆ ಸರಿದು ನಿಂತು, ಕೆಂಡದ ಸಂದಿಯಲ್ಲಿ ನೀಲಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ.